ನಿಂಬೆಗಿಡದ ಕಲ್ಲುಹೂವು, ಬದುವಿನ ಪಾಪಾಸುಕಳ್ಳಿ



ದೇವದುರ್ಗದ ಕಡೆಯ ಹಿರಿಯ ರೈತರೊಬ್ಬರು ಈಚೆಗೆ ನನ್ನನ್ನು ತಮ್ಮ ತೋಟಕ್ಕೆ ಕರೆದೊಯ್ದರು. ಕೈಯಲ್ಲಿ ಕೊಡಲಿ ಇತ್ತು. "ಸಾಹೇಬ್ರ, ನಿಂಬಿಗಿಡಕ್ಕ ಬೂದಿರೋಗ ಹತ್ತ್ಯಾದ. ಹನ್ನೆರಡೂ ಕಡಿದು ಒಗೀತೀನಿ" ಅಂದರು. ನೋಡಿದರೆ ಕಾಂಡದ ತುಂಬ ಬೂದುಬಣ್ಣದ ಹಕ್ಕಳೆ. "ಯಜಮಾನರೇ, ಮೊದಲು ಕೊಡಲಿ ಕೆಳಗಿಡ್ರಿ" ಅಂದೆ.

ಅದು ರೋಗವಲ್ಲ, ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದು. ರಾಯಚೂರು ಕೋಟೆಯ ಬಂಡೆಗಳ ಮೇಲೂ ಇಂಥ ಮಚ್ಚೆಗಳನ್ನು ನೀವು ಕಂಡಿರಬೇಕು. ಬೂಷ್ಟು ಮತ್ತು ಪಾಚಿ ಕೂಡಿ ಹೂಡಿದ ಸಂಸಾರ ಅದು. ಪಾಚಿ ಬಿಸಿಲಿನಲ್ಲಿ ಆಹಾರ ಮಾಡುತ್ತದೆ, ಬೂಷ್ಟು ಆಸರೆ ಕೊಟ್ಟು ತೇವ ಹಿಡಿಯುತ್ತದೆ. ಬೇರೆಂಬುದಿಲ್ಲ. ಬರೀ ಕಲ್ಲಿನ ಮೇಲೆ ಬದುಕುವ ಜೀವಕ್ಕೆ ನಿಮ್ಮ ನಿಂಬೆಯ ರಸ ಏಕೆ ಬೇಕು?

"ಮತ್ತ ಬ್ಯಾಸಿಗ್ಯಾಗ ಹೆಂಗ ಉಳೀತದ?" ಎಂದು ಕೇಳಿದರು. ಬದುವಿನ ಮೇಲಿದ್ದ ಪಾಪಾಸುಕಳ್ಳಿಯನ್ನು ತೋರಿಸಿದೆ. ಕಳ್ಳಿ ಮಳೆಯ ನೀರನ್ನು ದಪ್ಪ ಕಾಂಡದಲ್ಲಿ ಕೂಡಿಡುತ್ತದೆ. ಎಲೆಗಳೇ ಮುಳ್ಳಾಗಿವೆ. ಹಗಲು ಬಾಯಿ ಮುಚ್ಚಿ ರಾತ್ರಿಯ ತಂಪಿನಲ್ಲಿ ಉಸಿರಾಡುವುದರಿಂದ ನೀರು ಆರುವುದು ಕಡಿಮೆ. ಕಲ್ಲುಹೂವು ಏನೂ ಕೂಡಿಡುವುದಿಲ್ಲ. ಒಣಗಿ ಗರಿಗರಿಯಾಗಿ ಬಿದ್ದಿರುತ್ತದೆ, ಇಬ್ಬನಿ ತಾಗಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಬೆಳೆಯುವುದು ಮಾತ್ರ ವರ್ಷಕ್ಕೆ ಕೆಲವೇ ಮಿಲಿಮೀಟರು.

ಮಾನ್ವಿಯ ಕಡೆ ಕಾಲುವೆ ನೀರು ಹತ್ತದ ಊರಿನವರು ಒಂದು ಮಾತು ಕೇಳಿರಿ. ಮೇವು ತೀರಿದಾಗ ಈ ಕಳ್ಳಿ ದನಕ್ಕೆ ಆದೀತು. ಮುಳ್ಳನ್ನು ಪೂರ್ತಿ ಸುಟ್ಟು, ಕತ್ತರಿಸಿ, ಜೋಳದ ಕಣಿಕೆಯೊಡನೆ ಹಾಕಿರಿ. ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ ಬರೀ ಕಳ್ಳಿ ತಿನ್ನಿಸಿದರೆ ದನ ಉಚ್ಚಿಕೊಳ್ಳುತ್ತದೆ.

ಕಳ್ಳಿಯ ಮೇಲೆ ಹತ್ತಿಯಂಥ ಬಿಳುಪು ಕಂಡರೆ ಅದು ಕಲ್ಲುಹೂವಲ್ಲ, ರಸ ಹೀರುವ ಹುಳು. ಹಿಸುಕಿದರೆ ಕೆಂಪು ಬಣ್ಣ ಬರುತ್ತದೆ. ಅಮೆರಿಕದಿಂದ ಬಂದ ಈ ಕಳ್ಳಿ ದಕ್ಷಿಣದ ಹೊಲಗಳನ್ನು ನುಂಗುತ್ತಿದ್ದಾಗ, 1926ರಲ್ಲಿ ಸಿಂಹಳದಿಂದ ಆ ಹುಳುವನ್ನು ಬೇಕೆಂದೇ ತರಿಸಿ ಬಿಟ್ಟಿದ್ದರು!

ಯಜಮಾನರ ಗಿಡ ಸೊರಗಿದ್ದೇನೋ ನಿಜ. ಎಲೆ ಉದುರಿದ ಗಿಡದ ಕೊಂಬೆಗೆ ಬೆಳಕು ಹೆಚ್ಚು ಬಿದ್ದು ಕಲ್ಲುಹೂವು ಹಬ್ಬುತ್ತದೆ. ನಾವು ಅದನ್ನೇ ಕಾರಣವೆನ್ನುತ್ತೇವೆ. ಬುಡ ಕೆದಕಿ ನೋಡಿದೆ. ಅಂಟು ಸೋರುತ್ತಿತ್ತು. ಪಾತಿಯ ನೀರು ಕಾಂಡಕ್ಕೇ ನಿಲ್ಲುತ್ತಿತ್ತು. ಬುಡದ ಸುತ್ತ ಮಣ್ಣಿನ ಒಡ್ಡು ಹಾಕಿ ನೀರನ್ನು ಹೊರಗೆ ತಡೆಯಲು, ಅಂಟು ಕೆರೆದು ಬೋರ್ಡೋ ಮುಲಾಮು ಬಳಿಯಲು ಹೇಳಿದೆ. ಆಮೇಲೆ ತೊಗಟೆಯನ್ನು ಉಗುರಿನಿಂದ ಕೆರೆಯುತ್ತ ಹೋದೆವು. ಹತ್ತು ಗಿಡಗಳಲ್ಲಿ ಒಳಗೆ ಹಸಿರಿತ್ತು. ಒಣಗಿದ ಎರಡನ್ನು ಮಾತ್ರ ಅವರು ಕಡಿದರು.