ಗೋಮಾಳಕ್ಕೂ ಗೊಬ್ಬರ ಬೇಕು
(ಕ್ಯಾಸನೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹವಾಮಾನದ ಬಗ್ಗೆ ಮಾತಾಡಲು ಹೋದಲ್ಲೆಲ್ಲ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ. "ಇಂಗಾಲದ ಡೈ ಆಕ್ಸೈಡ್ ಗಿಡದ ಆಹಾರ ಅಂತ ಮಕ್ಕಳ ಪಾಠದಲ್ಲೇ ಇದೆ. ಅದು ಗಾಳಿಯಲ್ಲಿ ಜಾಸ್ತಿಯಾದ್ರೆ ಹುಲ್ಲು ಚೆನ್ನಾಗಿ ಬೆಳೀಬೇಕಲ್ಲ ಸಿಸ್ಟರ್?" ಪ್ರಶ್ನೆ ಸರಿಯಾಗಿದೆ. ಕಲ್ಲಿದ್ದಲು ಉರಿಸುವ ಕಾರ್ಖಾನೆಗಳು ಹುಟ್ಟುವ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು, ಈಗ 420 ದಾಟಿದೆ. ಹಾಗಾದರೆ ನಮ್ಮ ಗೋಮಾಳ ಯಾಕೆ ಬೋಳಾಗಿದೆ?

ಇದನ್ನು ಬಯಲಲ್ಲೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಕ್ರೀಕ್ ಎಂಬಲ್ಲಿ ಮರಳು ಮಿಶ್ರಿತ ಬಡ ನೆಲದ ಹುಲ್ಲುಗಾವಲಿದೆ. ಅಲ್ಲಿ 1998ರಿಂದ ಕೆಲವು ಮಡಿಗಳಿಗೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿ ಬಿಟ್ಟರು, ಕೆಲವಕ್ಕೆ ಸಾರಜನಕ ಗೊಬ್ಬರ ಹಾಕಿದರು, ಕೆಲವಕ್ಕೆ ಎರಡೂ. ಮೊದಲ ಮೂರು ವರ್ಷ ಗೊಬ್ಬರ ಇದ್ದರೂ ಇಲ್ಲದಿದ್ದರೂ ಗಾಳಿಯ ಲಾಭ ಹೆಚ್ಚುಕಮ್ಮಿ ಒಂದೇ ಇತ್ತು. ಆಮೇಲೆ ಗೊಬ್ಬರ ಕಾಣದ ಮಡಿಗಳಲ್ಲಿ ಆ ಲಾಭ ಇಳಿಯಿತು. ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ದು ಉದ್ದು ಒಂದೇ ಪಾವು ಇದ್ದರೆ ಎಷ್ಟು ದೋಸೆ ಆದೀತು? ಇಲ್ಲಿ ಉದ್ದು ಅಂದರೆ ಮಣ್ಣಿನ ಸಾರಜನಕ.

ಹುಲ್ಲಿನಲ್ಲೂ ಜಾತಿ ಇದೆ (ಇದು ಮನುಷ್ಯರು ಮಾಡಿದ ಜಾತಿಯಲ್ಲ). ಭತ್ತದ್ದು ಒಂದು ಬಗೆ, ಜೋಳ-ರಾಗಿಯದು ಇನ್ನೊಂದು. ನಮ್ಮ ಬಯಲಿನ ಹುಲ್ಲು ಬಹುಪಾಲು ಜೋಳದ ಬಗೆ. ಗಾಳಿಯ ಲಾಭ ಅದಕ್ಕೆ ಕಮ್ಮಿ ಅಂತ ಪಾಠದಲ್ಲಿ ಹೇಳುತ್ತಿದ್ದರು. ಸೀಡರ್ ಕ್ರೀಕಿನಲ್ಲಿ 12 ವರ್ಷ ಹಾಗೇ ಆಯಿತು, ನಂತರದ 8 ವರ್ಷ ತಿರುಗುಮುರುಗಾಯಿತು. ಆ ಬದಲಾವಣೆಯ ಜೊತೆಗೂ ಮಣ್ಣಿನಲ್ಲಿ ಸಾರಜನಕ ಬಿಡುಗಡೆಯಾಗುವ ರೀತಿಯೇ ಬದಲಾಗಿತ್ತು.

ಹೈನು ಮಾಡುವವರು ಇದನ್ನು ಗಮನಿಸಬೇಕು. ಇಂಗಾಲ ಹೆಚ್ಚಾಗಿ, ಸಾರಜನಕ ಅಷ್ಟೇ ಇದ್ದರೆ ಹುಲ್ಲಿನಲ್ಲಿ ಪ್ರೋಟೀನ್ ತೆಳುವಾಗುತ್ತದೆ. ಹಸುವಿನ ಹೊಟ್ಟೆ ತುಂಬುತ್ತೆ, ಹಾಲು ಏರಲ್ಲ. ಆಮೇಲೆ ಹಿಂಡಿಗೆ ದುಡ್ಡು ಸುರಿಯೋದು.

ಈಗ ನಮ್ಮ ಗೋಮಾಳಕ್ಕೆ ಬರೋಣ. ದನ ಮೇಯುವುದು ಅಲ್ಲಿ, ಕೊಟ್ಟಿಗೆಯ ಗೊಬ್ಬರ ಹೋಗುವುದು ಅಡಿಕೆ ತೋಟಕ್ಕೆ, ಗದ್ದೆಗೆ. ಗೋಮಾಳಕ್ಕೆ ವಾಪಸ್ ಬರುವುದು ದಾರಿಯಲ್ಲಿ ಬಿದ್ದ ಸಗಣಿ ಮಾತ್ರ, ಅದನ್ನೂ ಬುಟ್ಟಿಗೆ ತುಂಬುತ್ತೇವೆ! ಮಲೆನಾಡಿನ ಮಳೆ ಉಳಿದದ್ದನ್ನು ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ಬೆಂಕಿ ಕೊಟ್ಟರೆ ಹೊಸ ಚಿಗುರು ಬರುವುದು ನಿಜ. ಆದರೆ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ.

ಬಯಲಲ್ಲಿ ಮೇವಿಲ್ಲದಿದ್ದರೆ ದನ ಕಾನಿಗೆ ನುಗ್ಗುತ್ತವೆ, ಹಿಂದೆ ನಾವೂ ಹೋಗುತ್ತೇವೆ. 1957ರಲ್ಲಿ ಇದೇ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮಂಗನ ಕಾಯಿಲೆ ಪತ್ತೆಯಾಯಿತು. ನಮ್ಮೂರ ಹೆಸರು ಜಗತ್ತಿನ ವೈದ್ಯಪುಸ್ತಕಗಳಲ್ಲಿ ಸೇರಿದ್ದು ಹಾಗೆ. ಆ ರೋಗ ಹರಡುವ ಉಣ್ಣೆ ಬೆಳೆದ ಮೇಲೆ ದನದ ಮೈಯಲ್ಲಿ ರಕ್ತ ಹೀರುತ್ತದೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಅದರ ಮರಿ, ಡಿಸೆಂಬರಿನಿಂದ ಮೇವರೆಗೆ. ಬಯಲಲ್ಲಿ ಮೇವು ಮುಗಿಯುವ ಕಾಲವೂ ಅದೇ. ಹಾಗಾಗಿ ಹುಲ್ಲಿನ ವಿಚಾರವನ್ನು ನಾವು ಆರೋಗ್ಯದ ವಿಚಾರ ಎಂದೇ ಎಣಿಸುತ್ತೇವೆ.

"ಯೂರಿಯಾ ಎರಚಿದ್ರೆ ಮುಗೀತಲ್ಲ" ಅನ್ನಬೇಡಿ. ನಮ್ಮ ಮಳೆಯಲ್ಲಿ ಅದು ಹಳ್ಳ ಸೇರುತ್ತದೆ. ವರ್ಷವರ್ಷ ಸಾರಜನಕ ಸುರಿದ ಹುಲ್ಲುಗಾವಲುಗಳಲ್ಲಿ ಒಂದೆರಡು ಜಾತಿ ಮೆರೆದು ಉಳಿದವು ಕಾಣೆಯಾದದ್ದೂ ಇದೆ. ನಮ್ಮ ಅಭಿಪ್ರಾಯದಲ್ಲಿ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುವ ದ್ವಿದಳ ಮೇವು, ಉದಾಹರಣೆಗೆ ಸ್ಟೈಲೋ, ಹುಲ್ಲಿನ ನಡುವೆ ಬೆಳೆಯುವುದು ಒಳ್ಳೆಯದು. ಬೇಲಿಸಾಲಿಗೆ ಗೊಬ್ಬರದ ಗಿಡ ನೆಡಬಹುದು.

2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹವಾಮಾನವನ್ನು ಎಲ್ಲರ ಸೊತ್ತು ಎಂದರು. ಗೋಮಾಳವೂ ಎಲ್ಲರ ಸೊತ್ತೇ, ಅದಕ್ಕೇ ಯಾರೂ ಅದಕ್ಕೆ ಗೊಬ್ಬರ ಹೊರುವುದಿಲ್ಲ. ಮಳೆಗೆ ಮುಂಚೆ ಪಂಚಾಯಿತಿಯ ಒಪ್ಪಿಗೆ ಪಡೆದು ಒಂದು ಎಕರೆಗೆ ಬೇಲಿ ಹಾಕೋಣ. ಅರ್ಧಕ್ಕೆ ಕೊಟ್ಟಿಗೆ ಗೊಬ್ಬರ, ಸ್ಟೈಲೋ ಬೀಜ. ಇನ್ನರ್ಧ ಹಾಗೇ ಇರಲಿ. ದೀಪಾವಳಿ ಹೊತ್ತಿಗೆ ಎರಡೂ ಕಡೆ ಹುಲ್ಲು ಕುಯ್ದು ತೂಗೋಣ. ತಕ್ಕಡಿ ನಾವು ತರುತ್ತೇವೆ. ಬೇಲಿಗೂಟ, ಮನೆಗೊಂದು ಬುಟ್ಟಿ ಗೊಬ್ಬರ ನಿಮ್ಮದು.