ಕೂಲಂಕಷ: ದಂಡೆ ಸವೆಸುವ ಹೊಳೆಯ ಮಾತು



'ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ' ಎಂಬುದು ಕಚೇರಿಯ ಪತ್ರಗಳಲ್ಲಿ, ಪತ್ರಿಕೆಗಳಲ್ಲಿ ನಿತ್ಯ ಕಾಣುವ ಮಾತು. ಬರೆಯುವಾಗ ಹಲವರು ಇದನ್ನು 'ಕೂಲಂಕುಶ' ಮಾಡುತ್ತಾರೆ. ಆನೆಯ ಅಂಕುಶಕ್ಕೂ ಈ ಪದಕ್ಕೂ ನಂಟಿಲ್ಲ.

ಕೂಲ ಎಂದರೆ ದಂಡೆ. ಕಷ ಎಂದರೆ ಉಜ್ಜುವುದು, ಸವೆಸುವುದು. ದಂಡೆಯನ್ನು ಉಜ್ಜಿ ಸವೆಸುತ್ತ ಹರಿಯುವ ಹೊಳೆಯೇ ಕೂಲಂಕಷೆ. ನಡುವೆ ಸೊನ್ನೆ ಬಂದದ್ದು ಪಾಣಿನಿಯ ವ್ಯಾಕರಣದಂತೆ. ಮುಗಿಲನ್ನು ಉಜ್ಜುವ ಬೆಟ್ಟ 'ಅಭ್ರಂಕಷ' ಆಗುವುದೂ ಅದೇ ನಿಯಮದಿಂದ. ಮಾಘನ 'ಶಿಶುಪಾಲವಧ'ಕ್ಕೆ ಮಲ್ಲಿನಾಥ ಬರೆದ ವ್ಯಾಖ್ಯಾನದ ಹೆಸರು 'ಸರ್ವಂಕಷಾ'. ಅಕ್ಕಸಾಲಿಗರು ಚಿನ್ನ ತಿಕ್ಕಿ ನೋಡುವ ಒರೆಗಲ್ಲಿಗೆ ಸಂಸ್ಕೃತದಲ್ಲಿ 'ನಿಕಷ'. ಅಲ್ಲಿರುವುದೂ ಇದೇ ಕಷ.

ಮೂಲದಲ್ಲಿ ಇದು ಹೊಗಳಿಕೆಯಾಗಿರಲೇಬೇಕೆಂದಿಲ್ಲ. ಕಾಳಿದಾಸನ 'ಶಾಕುಂತಲ'ದ ಐದನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಯನ್ನು ಇಂಥ ಹೊಳೆಗೆ ಹೋಲಿಸಿ ಆಪಾದಿಸುತ್ತಾನೆ: ತಿಳಿನೀರು ಕದಡಿ, ದಡದ ಮರ ಬೀಳಿಸುವ ಹೊಳೆಯಂತೆ, ಹೆಸರು ಕೆಡಿಸಿ ತನ್ನನ್ನು ಬೀಳಿಸಲು ಬಂದವಳೆಂದು. ಉಂಗುರ ಸಿಕ್ಕ ಮೇಲೆ ಆ ಮಾತಿಗೆ ಪಶ್ಚಾತ್ತಾಪ ಪಡುತ್ತಾನೆ. ದಂಡೆಯಿಂದ ದಂಡೆಗೆ ತುಂಬಿದ ಹೊಳೆ ಯಾವ ಮೂಲೆಯನ್ನೂ ಬಿಡದು. ಕೆಡಹುವ ಹೊಳೆಯ ಹೆಸರು ಕನ್ನಡದಲ್ಲಿ ಆಮೂಲಾಗ್ರ ಪರಿಶೀಲನೆಯ ಹೆಸರಾದದ್ದನ್ನು ಹೀಗೆ ಅರ್ಥೈಸಬಹುದು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಇದನ್ನು ನಿಘಂಟು ತೆರೆದು ಹೇಳಬೇಕಿಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಬಳಿಯ ಮಾರ್ಕಂಡೇಯ ಎರಡೂ ಘಟಪ್ರಭೆಯನ್ನೇ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಹೊಳೆ ದಂಡೆ ಮೀರಿತು. ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು, ಹೊಳೆಸಾಲಿನ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು.

ನೀರು ಇಳಿದ ಮೇಲೆ ಸಮೀಕ್ಷೆ ಬಂತು. ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಸಿ ವರ್ಗದ ಮನೆಗೆ 50 ಸಾವಿರ. ಒಂದು ಅಕ್ಷರದ ಅಂತರದಲ್ಲಿ ಒಂದು ಸಂಸಾರದ ಸೂರು ಅಡಗಿತ್ತು. ಹೊರಗಿನ ಗೋಡೆ ನಿಂತಿದ್ದು, ಒಳಗಿನ ಪಾಯ ಕುಸಿದಿದ್ದರೆ? ಒಳಹೊಕ್ಕು ನೋಡಿದವರಿಗೆ ಮಾತ್ರ ಅದು ಕಾಣುತ್ತದೆ.

'ಕೂಲಂಕಷ' ಎಂದು ಬರೆದು ರುಜು ಹಾಕುವುದು ಸುಲಭ. ಆದರೆ ಹೊಳೆ ದೂರದಲ್ಲಿ ನಿಂತು ದಂಡೆ ಸವೆಸುವುದಿಲ್ಲ, ಮುಟ್ಟಿಯೇ ಮುಂದೆ ಹೋಗುತ್ತದೆ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳಬಹುದು. ಅರ್ಥ ತಪ್ಪಿದರೆ ಅದರ ಬೆಲೆ ತೆರುವವರು ದಂಡೆಯ ಮೇಲಿನ ಜನ.