ಮನೆಯವರ ಕೂಲಿಗೂ ವಹಿಯಲ್ಲಿ ಒಂದು ಸಾಲು ಬೇಕು

(ಗದಗಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕೆಲಸ ಬಿಟ್ಟು ಊರಿಗೆ ಹೊರಟವರು ನಮ್ಮ ಕಚೇರಿಗೆ ಬಂದು ಕೇಳುವ ಮಾತು ಒಂದೇ: "ಮಾಸ್ತರ, ಕೈಯಾಗ ನಾಲ್ಕು ಕಾಸು ಬಂದಾವ. ಮನಿ ಮಂದಿ ಕೂಡಿ ಊರಾಗ ಏನರೆ ಒಂದು ಉದ್ಯೋಗ ಹಚ್ಚಬೇಕಂತೀವಿ. ನೀವೇನಂತೀರಿ?"

ಆ ನಾಲ್ಕು ಕಾಸು ಎಷ್ಟೆಂಬುದನ್ನು ಮೊದಲು ನೋಡೋಣ. ವರ್ಷದ ದುಡಿಮೆಗೆ ಹದಿನೈದು ದಿನದ ಸಂಬಳವೆಂದು 1972ರ ಗ್ರಾಚ್ಯುಯಿಟಿ ಕಾಯಿದೆ ಗೊತ್ತುಮಾಡಿತು. ತಿಂಗಳಿಗೆ 13,000 ರೂಪಾಯಿ ಸಂಬಳವಿದ್ದವನಿಗೆ, 26 ದಿನಗಳ ಲೆಕ್ಕದಂತೆ, ದಿನಕ್ಕೆ 500 ಆಯಿತು. ಇಪ್ಪತ್ತು ವರ್ಷ ದುಡಿದಿದ್ದರೆ 1,50,000. ಇಪ್ಪತ್ತು ವರ್ಷದ ಬೆವರು ಅದು. ಅದು ಒಂದೇ ಬರಗಾಲದಲ್ಲಿ ಕರಗಿಹೋಗುವುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ.

ನಮ್ಮ ತಂದೆಯವರು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ತಾಯಿ ನಸುಕಿನಲ್ಲಿ ಬಾಗಿಲು ತೆಗೆದು, ಕಾಳು ಹಸನು ಮಾಡಿ, ಪೊಟ್ಟಣ ಕಟ್ಟಿ, ರಾತ್ರಿ ಬಾಗಿಲು ಹಾಕುತ್ತಿದ್ದರು. 2003ರ ಬರದಲ್ಲಿ ಉದ್ರಿ ಒಯ್ದವರು ತೀರಿಸಲಾರದೆ ಹೋದರು. ಯಾರೂ ಮೋಸಗಾರರಲ್ಲ, ಅವರ ಹೊಲದಲ್ಲಿಯೇ ಬೆಳೆ ಬರಲಿಲ್ಲ. ಅಂಗಡಿ ಮುಚ್ಚಿತು. ತಾಯಿ ಕೂಲಿಗೆ ಹೋದರು. ಮೊದಲ ವಾರದ ಕೂಲಿಯನ್ನು ಕೈಯಲ್ಲಿ ಹಿಡಿದು, "ಅಂಗಡ್ಯಾಗ ಇಷ್ಟು ವರ್ಷ ದುಡಿದೆ, ನನ್ನ ರೊಕ್ಕ ಅಂತ ಎಣಿಸಿದ್ದು ಇದ ಮೊದಲು" ಎಂದರು. ತಂದೆಯವರು ತಲೆ ತಗ್ಗಿಸಿ ಕುಳಿತರು. ಅಂದು ನಾವು ಕಲಿತ ಲೆಕ್ಕವನ್ನು ಮುಂದೆ ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ, ಕಲಿಸಲೂ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಖಡಕ್ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಮಾರುವುದು ನಮ್ಮ ಸೀಮೆಯ ಮನೆಗಳಲ್ಲಿ ನಡೆದಿರುವ ಉದ್ಯೋಗ. ಅತ್ತೆ ಸೊಸೆ ಕೂಡಿ ದಿನಕ್ಕೆ 200 ರೊಟ್ಟಿ ಮಾಡುತ್ತಾರೆಂದು ಹಿಡಿಯಿರಿ. ಜೋಳ 10 ಕಿಲೋ, ಕಿಲೋಗೆ 40ರಂತೆ 400 ರೂಪಾಯಿ. ಬೀಸಿಸಿದ್ದು, ಉರುವಲು, ಚೀಲ, ಬಸ್ಸಿನ ಖರ್ಚು ಕೂಡಿ 300. ರೊಟ್ಟಿಗೆ 6 ರೂಪಾಯಿಯಂತೆ ಬಂದದ್ದು 1,200. "ದಿನಕ್ಕೆ 500 ಲಾಭ!" ಎಂದು ಮನೆಯ ಯಜಮಾನ ಮೀಸೆ ತಿರುವುತ್ತಾನೆ.

ಲಾಭವೆ? 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಇಬ್ಬರಿಗೆ 740. ಅಂದರೆ ಈ ಮನೆ ದಿನಕ್ಕೆ 240 ರೂಪಾಯಿ ಲುಕ್ಸಾನಿನಲ್ಲಿದೆ. ಆ ಲುಕ್ಸಾನನ್ನು ಅತ್ತೆ ಸೊಸೆಯರ ತೋಳು ತುಂಬಿಕೊಡುತ್ತಿದೆ. ಗಿರಣಿಯಲ್ಲಿ ಓವರ್‌ಟೈಮಿಗಾಗಿ ಘೋಷಣೆ ಕೂಗಿದವರು ನಾವು. ಮನೆಗೆ ಹೋಗಿ ನಾವೇ ಕೂಲಿ ಕೊಡದ ಮಾಲೀಕರಾಗಬಹುದೆ?

ಹಾಗಾದರೆ ಉದ್ಯೋಗ ಹಚ್ಚಬಾರದೆ? ಹಚ್ಚಬೇಕು, ಲೆಕ್ಕ ಹಿಡಿದು ಹಚ್ಚಬೇಕು. ದಿನಾಲು ಸಂಜೆ ಮನೆಯವರ ಕೂಲಿಯನ್ನು ವಹಿಯಲ್ಲಿ ಮೊದಲು ಬರೆಯಿರಿ. ಅದನ್ನು ಅವರ ಹೆಸರಿನ ಖಾತೆಗೆ ಹಾಕಿರಿ. ಉಳಿದದ್ದು ಮಾತ್ರ ಲಾಭ. ಬಂದ ಹಣವನ್ನೆಲ್ಲ ಮೊದಲ ದಿನವೇ ಯಂತ್ರಕ್ಕೆ, ಫಲಕಕ್ಕೆ ಸುರಿಯಬೇಡಿರಿ. ಒಂದು ವರ್ಷದ ಹೊಟ್ಟೆಯ ಖರ್ಚನ್ನು ಬೇರೆ ತೆಗೆದಿಡಿರಿ. ಉದ್ರಿ ಇಲ್ಲದೆ ಹಳ್ಳಿಯ ಅಂಗಡಿ ನಡೆಯದೆಂಬುದು ಇಲ್ಲಿ ಕುಳಿತ ವ್ಯಾಪಾರಿ ಬಂಧುಗಳಿಗೆ ಗೊತ್ತು. ಆದರೆ ಅಷ್ಟೂ ಮುಳುಗಿದರೂ ಮರುದಿನ ಸರಕು ತರಲು ಸಾಧ್ಯವಾಗುವಷ್ಟೇ ಉದ್ರಿ ಕೊಡಿರಿ.

ಸಾಲ ಬೇಕಾದರೆ ವಾರದ ಕಂತಿನವರ ಬಾಗಿಲಿಗೆ ಮೊದಲು ಹೋಗಬೇಡಿರಿ. ರೊಟ್ಟಿಯ ಹಣ ಕೈಸೇರುವ ಮೊದಲೇ ಅವರ ಕಂತು ಬಾಗಿಲಲ್ಲಿ ನಿಂತಿರುತ್ತದೆ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿಯವರೆಗೆ, ಅಡವಿಲ್ಲದೆ. ಬ್ಯಾಂಕಿಗೆ ಒಬ್ಬರೇ ಹೋಗಿ ಕೈಕಟ್ಟಿ ನಿಲ್ಲಬೇಡಿರಿ. ನಾಲ್ಕು ಜನ ಕೂಡಿ ಹೋಗಿ, ಅರ್ಜಿ ಕೊಟ್ಟು ರಸೀದಿ ಕೇಳಿರಿ.

ಕಡೆಯ ಮಾತು. ಒಂದು ಮನೆ ರೊಟ್ಟಿಗೆ ಏಳೂವರೆ ರೂಪಾಯಿ ಕೇಳಿದರೆ ಖಾನಾವಳಿಯವನು ಮುಂದಿನ ಮನೆಗೆ ಹೋಗುತ್ತಾನೆ. ಹತ್ತು ಮನೆಗಳು ಕೂಡಿ ಕೇಳಿದರೆ ಕುಳಿತು ಮಾತನಾಡುತ್ತಾನೆ. ಆ ದರಕ್ಕೆ ಬರುವುದು 1,500. ಖರ್ಚು, ಕೂಲಿ ಎರಡೂ ಹೋಗಿ 60 ರೂಪಾಯಿ ನಿಜವಾದ ಲಾಭ. ಸುಗ್ಗಿಯಲ್ಲಿ ಹತ್ತು ಮನೆಯ ಜೋಳವನ್ನು ಒಟ್ಟಿಗೆ ಕೊಂಡಿಟ್ಟರೆ ಇನ್ನಷ್ಟು ಉಳಿಯುತ್ತದೆ. ಇದು ಪರದೇಶದ ಪುಸ್ತಕದ ಮಾತಲ್ಲ. ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘಗಳಲ್ಲೊಂದನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿಯೇ. ಅಂದಿನ ಒಕ್ಕಲಿಗರು ಕೂಡಿ ನಿಂತರು. ಗಿರಣಿಯಲ್ಲಿ ಸಂಘ ಕಟ್ಟಿದ ನಿಮಗೆ ಊರಿನಲ್ಲಿ ಹತ್ತು ಮನೆ ಕೂಡಿಸುವುದು ಕಷ್ಟವಲ್ಲ.

ಊರಿಗೆ ಹೋದ ದಿನವೇ ಒಂದು ವಹಿ ಕೊಳ್ಳಿರಿ. ಮೊದಲ ಪುಟದಲ್ಲಿ ದೇವರ ಹೆಸರು ಬರೆಯುವವರು ಬರೆಯಿರಿ; ಎರಡನೆಯ ಸಾಲಿನಲ್ಲಿ ಮನೆಯಾಕೆಯ ಹೆಸರು, ಅದರ ಮುಂದೆ ಅವಳ ಕೂಲಿ ಇರಲಿ.